ಅನಿಮೇಷನ್ ಕಲಿಯೋಕೆ ದುಡ್ಡು ಹುಡುಕಿದ್ದು: ನನ್ನ ಅನುಭವ

ಪಿಯುಸಿ ಮುಗಿದ ರಜೆಯಲ್ಲಿ ಮೊಬೈಲಿನಲ್ಲಿ ‘ಅನಿಮೆ ಸ್ಕಾಲರ್‌ಶಿಪ್’ ಅಂತ ಹುಡುಕದ ದಿನವಿಲ್ಲ (ಅನಿಮೆ ಅಂದರೆ ಜಪಾನಿನ ಅನಿಮೇಷನ್). ಸಿಗುತ್ತಿದ್ದದ್ದು ಜಾಸ್ತಿ ಅಮೆರಿಕದ ವಿದ್ಯಾರ್ಥಿಗಳಿಗೆ ಇರುವಂಥವು. ಇಲ್ಲದಿದ್ದರೆ ‘ಫೀಸಿನಲ್ಲಿ ಇಷ್ಟು ಬಿಡ್ತೀವಿ’ ಅನ್ನುವ ಜಾಹೀರಾತು. ಅಂಥ ಒಂದು ಕಡೆ ಫೋನ್ ಮಾಡಿದೆ. ಬಿಟ್ಟ ಮೇಲೂ ವರ್ಷಕ್ಕೆ ಎರಡೂವರೆ ಲಕ್ಷ ಅಂದರು. ಅಪ್ಪನದು ಸಾಗರದ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ. ಮಾತು ಅಲ್ಲಿಗೇ ನಿಂತಿತು.

ದಾರಿ ತೋರಿಸಿದ್ದು ನಮ್ಮ ಡ್ರಾಯಿಂಗ್ ಮೇಷ್ಟ್ರು. “ಅನಿಮೇಷನ್ ಹೆಸರಲ್ಲಿ ಹುಡುಕಬೇಡ ಮಾರಾಯ್ತಿ, ನಿನ್ನ ಹೆಸರಲ್ಲಿ ಹುಡುಕು” ಅಂದರು. ಅಪ್ಪ ಏನು ಮಾಡುತ್ತಾರೆ, ಆದಾಯ ಎಷ್ಟು, ಯಾವ ವರ್ಗ, ಸರ್ಕಾರಿ ಕಾಗದದಲ್ಲಿ ಕೋರ್ಸಿನ ಹೆಸರೇನು ಅಂತ ಕೂತು ಬರೆದುಕೊಂಡೆವು. ಆಮೇಲೆ ನೋಡಿದರೆ ನನಗೆ ಹೊಂದುವ ಯೋಜನೆ ಒಂದಲ್ಲ, ಮೂರಿತ್ತು.

ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ, ಬಿವಿಎ (ದೃಶ್ಯಕಲೆಯ ಪದವಿ) ಸೇರಿದೆ. ಸರ್ಕಾರಿ ಕಾಲೇಜು, ಫೀಸಿನ ಭಾರ ಕಡಿಮೆ. ತಗೊಂಡಿದ್ದು ಅನ್ವಯಿಕ ಕಲೆ. ಅನಿಮೇಷನ್ ಅಲ್ವಲ್ಲ ಅಂತ ಬೇಜಾರಿತ್ತು, ಆದರೆ ಕೈ ಪಳಗಿದ್ದು ಅಲ್ಲೇ. ಹಾಸ್ಟೆಲ್ ಸೀಟು ಸಿಗಲಿಲ್ಲ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಹೀಗಾದಾಗ ವಿದ್ಯಾಸಿರಿ ಇದೆ: ಊಟ, ವಸತಿಗೆ ಆಗ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ಅದಕ್ಕೂ ಫೀಸು ವಾಪಸಾತಿಗೂ ಅರ್ಜಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ. 2021ರಲ್ಲಿ ರೈತರ ಮಕ್ಕಳಿಗೆ ಅಂತ ರೈತ ವಿದ್ಯಾನಿಧಿ ಶುರುವಾಯಿತು. ಪದವಿ ಓದುವ ಹುಡುಗಿಯರಿಗೆ ಆಗ ವರ್ಷಕ್ಕೆ 5,500 ರೂಪಾಯಿ. ಸಣ್ಣ ಮೊತ್ತ ಅನ್ನಿಸಬಹುದು. ನನ್ನ ಎರಡು ವರ್ಷದ ಕಾಗದ, ಬಣ್ಣ ಎಲ್ಲ ಬಂದದ್ದು ಅದರಿಂದಲೇ.

ಒಂದು ಎಡವಟ್ಟೂ ಆಯಿತು. ಮೊದಲ ವರ್ಷ ಹಣ ಬಂದಿದೆ ಅಂತ ಪೋರ್ಟಲ್ ತೋರಿಸುತ್ತಿದೆ, ಪಾಸ್‌ಬುಕ್ಕಿನಲ್ಲಿ ಮಾತ್ರ ಒಂದು ಪೈಸೆಯೂ ಇಲ್ಲ. ಎರಡು ತಿಂಗಳು ಅಲೆದೆ. ಕೊನೆಗೆ ಗೊತ್ತಾಯಿತು, ಯಾವುದೋ ಮೇಳದಲ್ಲಿ ತೆರೆಸಿ ಮರೆತೇ ಹೋಗಿದ್ದ ಇನ್ನೊಂದು ಖಾತೆಗೆ ಆಧಾರ್ ಜೋಡಣೆಯಾಗಿತ್ತು. ಸರ್ಕಾರದ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐಯಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಆಧಾರ್ ಜೋಡಿಸಿದ ಖಾತೆಗೆ. ಅರ್ಜಿ ಹಾಕುವ ಮುಂಚೆ ಬ್ಯಾಂಕಿಗೆ ಹೋಗಿ ಇದನ್ನು ಕೇಳಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರು, ಇನಿಶಿಯಲ್ ಎಲ್ಲ ಅಂಕಪಟ್ಟಿಯಂತೆಯೇ ಇರಬೇಕು. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೇ ಇರುತ್ತದೆ) ಒಂದು ಕಡೆ ಬರೆದಿಟ್ಟುಕೊಳ್ಳಿ.

ಜಪಾನಿಗೂ ಪ್ರಯತ್ನಪಟ್ಟೆ. ಅಲ್ಲಿನ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್‌ಗೆ ರಾಯಭಾರ ಕಚೇರಿಯ ಮೂಲಕ ಅರ್ಜಿ. ಪದವಿಗೆ ಹೋಗುವವರಿಗೆ ಫೀಸು ಇಲ್ಲ, ವಿಮಾನದ ಟಿಕೆಟ್ ಅವರದೇ, ತಿಂಗಳಿಗೆ 1,17,000 ಯೆನ್. ಮೊದಲ ವರ್ಷ ಪೂರ್ತಿ ಭಾಷೆ ಕಲಿಸುತ್ತಾರೆ. ಆಯ್ಕೆ ಪರೀಕ್ಷೆಯಲ್ಲಿ ಇಂಗ್ಲಿಷ್, ಗಣಿತ, ಜಪಾನಿ ಪತ್ರಿಕೆಗಳಿರುತ್ತವೆ. ಗಣಿತ ನನ್ನ ಕೈ ಹಿಡಿಯಲಿಲ್ಲ. ಪಿಯುಸಿಯಲ್ಲಿ ಗಣಿತ ಓದಿದವರು ಖಂಡಿತ ಬರೆಯಿರಿ.

ನನ್ನ ಕೈ ಹಿಡಿದದ್ದು ಸೀಡ್ (CEED), ಡಿಸೈನ್ ಸ್ನಾತಕೋತ್ತರ ಕೋರ್ಸುಗಳ ಪ್ರವೇಶ ಪರೀಕ್ಷೆ. ಐಐಟಿ ಬಾಂಬೆಯ ಡಿಸೈನ್ ವಿಭಾಗವಾದ ಐಡಿಸಿಯಲ್ಲಿ ಅನಿಮೇಷನ್‌ನಲ್ಲೇ ಎಂ.ಡಿಸ್ (ಡಿಸೈನ್ ಸ್ನಾತಕೋತ್ತರ ಪದವಿ) ಇದೆ, ಸೀಡ್ ಮೂಲಕ ಪ್ರವೇಶ. ಹಾಗೆ ಸೇರಿದವರು ವಾರಕ್ಕೆ 8 ಗಂಟೆ ವಿಭಾಗದ ಕೆಲಸ ಮಾಡಿದರೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಸಿಗುತ್ತದೆ. ಇದನ್ನು ಯಾರೂ ‘ಸ್ಕಾಲರ್‌ಶಿಪ್’ ಅಂತ ಕರೆಯುವುದಿಲ್ಲ, ಅದಕ್ಕೇ ಹುಡುಕಿದರೆ ಸಿಗುವುದೂ ಇಲ್ಲ. ಈ ಒಂದು ವಿಷಯ ನನಗೆ ಪಿಯುಸಿಯಲ್ಲೇ ಗೊತ್ತಿದ್ದರೆ ಎಷ್ಟು ರಾತ್ರಿಯ ನಿದ್ದೆ ಉಳಿಯುತ್ತಿತ್ತೋ.

ಪೋರ್ಟ್‌ಫೋಲಿಯೊಗೆ ಅನಿಮೆ ಪಾತ್ರಗಳನ್ನು ನಕಲು ಮಾಡಿ ಇಟ್ಟಿದ್ದೆ. ಸೀನಿಯರ್ ಒಬ್ಬರು ನೋಡಿ ಎಲ್ಲ ತೆಗೆಸಿದರು. ಕೊನೆಕೊಯ್ಲಿಗೆ ಊರಿಗೆ ಹೋದಾಗ ಅಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಒಂದು ಅಡಿಕೆಗೆ ಮೂರು ಸೆಕೆಂಡು. ಅನಿಮೆಯಲ್ಲಿ ಎಷ್ಟೋ ಸಲ ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸುತ್ತಾರೆ, ಸೆಕೆಂಡಿಗೆ 24 ಫ್ರೇಮ್ ಇದ್ದರೂ ಎಂಟೇ ಚಿತ್ರ. ಹಾಗಾಗಿ ನನಗೆ ಬೇಕಾದದ್ದು 24 ಚಿತ್ರ. ಕಾಯಿ ಕತ್ತಿಗೆ ತಾಗುವ ಮುಂಚೆ ಅವಳ ಕೈ ಒಂದು ಚೂರು ನಿಲ್ಲುತ್ತದೆ. ಆ ನಿಲುವು ಹಿಡಿಯೋಕೆ ನಾಲ್ಕು ದಿನ ಬೇಕಾಯಿತು. ಸಂದರ್ಶನದಲ್ಲಿ ಮಾತು ನಡೆದದ್ದು ಹೆಚ್ಚಾಗಿ ಆ 24 ಹಾಳೆಗಳ ಮೇಲೇ.

ಸೀಡ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರು, ಪರೀಕ್ಷೆ ಜನವರಿಯಲ್ಲಿ. ಪದವಿಯ ಕೊನೆಯ ವರ್ಷದಲ್ಲೇ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಅಂಕ ಒಂದೇ ವರ್ಷ ನಡೆಯುತ್ತದೆ, ಐಡಿಸಿಗೆ ಬೇರೆ ಅರ್ಜಿ ಹಾಕಬೇಕು. ನಮ್ಮ ಊರಿನ ಇಬ್ಬರು ಹುಡುಗಿಯರು ಈ ಸಲ ತಯಾರಿ ನಡೆಸಿದ್ದಾರೆ. ಭಾನುವಾರ ರಾತ್ರಿ ಅವರು ಕಳಿಸುವ ಚಿತ್ರಗಳನ್ನು ನೋಡುತ್ತಾ ಕೂರುತ್ತೇನೆ.