ಡೊಮಿನೊ ಸಾಲಿನಲ್ಲಿ ನಾನು ಬಿಡುವ ತೆರಪುಗಳು

ಡೊಮಿನೊ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಬೀಳಿಸುವುದು ನನ್ನ ಬಹುಕಾಲದ ಹವ್ಯಾಸ. ನೋಡುವವರ ಕಣ್ಣೆಲ್ಲ ಮೊದಲ ಬಿಲ್ಲೆಯನ್ನು ತಳ್ಳುವ ಬೆರಳಿನ ಮೇಲಿರುತ್ತದೆ. ಕಟ್ಟುವ ನನ್ನ ಗಮನವೆಲ್ಲ ಸಾಲಿನಲ್ಲಿ ಎಲ್ಲೆಲ್ಲಿ ತೆರಪು ಬಿಡಬೇಕು ಎಂಬುದರ ಮೇಲೆ.

ಕಾರಣ ತಿಳಿಯಲು ಒಂದೇ ಒಂದು ಬಿಲ್ಲೆಯನ್ನು ಹತ್ತಿರದಿಂದ ನೋಡಬೇಕು. ನಾನು ಬಳಸುವ ಬಿಲ್ಲೆ 48 ಮಿ.ಮೀ. ಎತ್ತರ, 24 ಮಿ.ಮೀ. ಅಗಲ, ಏಳೂವರೆ ಮಿ.ಮೀ. ದಪ್ಪ. ಬೆರಳ ತುದಿಯಿಂದ ಮೆಲ್ಲಗೆ ವಾಲಿಸುತ್ತಾ ಹೋದರೆ ಸುಮಾರು 9 ಡಿಗ್ರಿವರೆಗೂ ಅದು ಹಿಂದಿನ ನಿಲುವಿಗೆ ಮರಳಲು ನೋಡುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ದಾಟಿದರೆ ತಾನೇ ಮುಂದಕ್ಕೆ ಮಗುಚುತ್ತದೆ. ಆ ಹಂತಕ್ಕೆ ಬರಲು ಬಿಲ್ಲೆಯ ಗುರುತ್ವ ಕೇಂದ್ರ ಮೇಲೇರಬೇಕಾದದ್ದು ಬರೀ 0.3 ಮಿ.ಮೀ. ಪೂರ್ತಿ ಅಡ್ಡ ಬಿದ್ದರೆ ಅದೇ ಕೇಂದ್ರ ಎರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಸಾಲಿನಲ್ಲಿ ಬಿಲ್ಲೆ ಮುಂದಿನದರ ಮೇಲೆ ಒರಗಿಬಿಡುವುದರಿಂದ ಅಷ್ಟೂ ದಕ್ಕುವುದಿಲ್ಲ, ನಿಜ. ಆದರೂ ಅದು ಪಡೆಯುವುದಕ್ಕಿಂತ ಕೊಡುವುದು ಎಷ್ಟೋ ಪಾಲು ಹೆಚ್ಚು. ಸಾಲನ್ನು ಓಡಿಸುವ ಶಕ್ತಿಯೆಲ್ಲ ನಾನು ಒಂದೊಂದು ಬಿಲ್ಲೆಯನ್ನು ಎತ್ತಿ ನಿಲ್ಲಿಸಿದಾಗಲೇ ಅಲ್ಲಿ ಸೇರಿಕೊಂಡಿರುತ್ತದೆ.

ಹೀಗಾಗಿ ಅರ್ಧ ಕಟ್ಟಿದ ಸಾಲಿಗೂ ಬೀಳಲು ತೋಳಿನ ಅಂಚು ತಗುಲಿದರೆ ಸಾಕು. ಇಪ್ಪತ್ತು ಮೂವತ್ತು ಬಿಲ್ಲೆ ನಿಲ್ಲಿಸಿದ ಮೇಲೆ ನಾಲ್ಕೈದು ಬಿಲ್ಲೆಗಳ ಜಾಗವನ್ನು ಖಾಲಿ ಬಿಟ್ಟು ಮುಂದುವರಿಯುತ್ತೇನೆ. ಒಂದೇ ಬಿಲ್ಲೆಯ ಜಾಗ ಬಿಟ್ಟರೆ ಸಾಲದು: ನನ್ನ ಅಂತರದಲ್ಲಿ ಆ ತೆರಪು ಹೆಚ್ಚುಕಡಿಮೆ ಬಿಲ್ಲೆಯ ಎತ್ತರದಷ್ಟೇ ಆಗುತ್ತದೆ, ಬಿದ್ದ ಬಿಲ್ಲೆ ಕೊಂಚ ಜಾರಿದರೂ ಆಚೆಯದನ್ನು ಮುಟ್ಟಿಬಿಡುತ್ತದೆ. ಬಿಟ್ಟ ಜಾಗಗಳನ್ನು ತುಂಬುವುದು ಎಲ್ಲಕ್ಕಿಂತ ಕೊನೆಗೆ.

2005ರಲ್ಲಿ ನೆದರ್ಲೆಂಡ್ಸ್‌ನ ಲೇವಾರ್ಡನ್‌ನಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳ ದಾಖಲೆಗೆ ಸಿದ್ಧತೆ ನಡೆದಿದ್ದಾಗ, ಒಳಗೆ ನುಗ್ಗಿದ ಗುಬ್ಬಚ್ಚಿಯೊಂದು ಸುಮಾರು 23,000 ಬಿಲ್ಲೆಗಳನ್ನು ಬೀಳಿಸಿತು. ಉಳಿದವು ತೆರಪುಗಳ ದಯೆಯಿಂದ ನಿಂತವು. ಆ ಹಕ್ಕಿಯನ್ನು ಗುಂಡಿಟ್ಟು ಕೊಂದದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಬಿದ್ದ ಸಾಲನ್ನು ಮತ್ತೆ ಕಟ್ಟಬಹುದಿತ್ತು.

ಬಿಲ್ಲೆಗಳ ನಡುವೆ ನಾನು ಇಡುವ ಅಂತರ ಸುಮಾರು ಎರಡು ಸೆಂಟಿಮೀಟರ್. ತೀರಾ ದೂರವಾದರೆ ಏಟು ಮುಂದಿನ ಬಿಲ್ಲೆಯ ಬುಡದ ಹತ್ತಿರ ಬೀಳುತ್ತದೆ. ಮಗುಚಬೇಕಾದದ್ದು ನಿಂತಲ್ಲೇ ಸರಿಯುತ್ತದೆ. ಗಾಜಿನಂಥ ನುಣುಪು ಮೇಜನ್ನು ಬಳಸುವುದಿಲ್ಲ, ಬುಡ ಹಿಂದಕ್ಕೆ ಜಾರಿ ಓಟ ಸೊರಗುತ್ತದೆ.

ನನಗೆ ಅತಿ ಇಷ್ಟವಾದ ಕೆಲಸ ಕವಲು ಒಡೆಸುವುದು. ಒಂದು ಬಿಲ್ಲೆಯ ಎದುರು ಎರಡು ಬಿಲ್ಲೆಗಳನ್ನು ಒತ್ತೊತ್ತಾಗಿ, ಮೊದಲಿನದರ ಅಗಲದಲ್ಲಿ ಅರ್ಧರ್ಧ ಇವಕ್ಕೆ ತಗುಲುವಂತೆ ನಿಲ್ಲಿಸುತ್ತೇನೆ. ಏಟು ಎರಡು ಪಾಲಾಯಿತಲ್ಲ, ಇನ್ನು ಎರಡೂ ಸಾಲು ಮಂದವಾಗುತ್ತವೆ ಎಂದು ಅನ್ನಿಸುವುದು ಸಹಜ. ಕವಲಿನ ಬಿಲ್ಲೆಗಳು ತುಸು ತಿರುಚಿಕೊಂಡು ಬೀಳುತ್ತವೆ, ಒಂದು ಕ್ಷಣ ಓಟ ತಡವರಿಸುತ್ತದೆ. ಮುಂದಿನ ಕೆಲವೇ ಬಿಲ್ಲೆಗಳಲ್ಲಿ ಎರಡೂ ಸಾಲು ಹಳೆಯ ವೇಗಕ್ಕೇ ಬಂದಿರುತ್ತವೆ. ಎತ್ತರ, ಅಂತರ, ಘರ್ಷಣೆ ಇವು ಆ ವೇಗವನ್ನು ಕಟ್ಟಿಕೊಡುತ್ತವೆ. ಆರಂಭದಲ್ಲಿ ಜೋರಾಗಿ ತಳ್ಳಿದರೂ ಓಟ ಬೇಗನೆ ಅದಕ್ಕೇ ಇಳಿಯುತ್ತದೆ.

ಯುರೇನಿಯಂ ಪರಮಾಣು ಒಡೆಯುವಾಗ ಆಗುವುದೂ ಕವಲೇ: ಒಂದು ನ್ಯೂಟ್ರಾನ್ ಬಡಿದರೆ ಎರಡೋ ಮೂರೋ ಹೊರಬರುತ್ತವೆ. 1942ರ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಮೊದಲ ಸಲ ಅಂಥ ಸರಪಳಿ ಕ್ರಿಯೆಯನ್ನು ಹತೋಟಿಯಲ್ಲಿ ನಡೆಸಿದಾಗ, ನ್ಯೂಟ್ರಾನ್‌ಗಳನ್ನು ಹೀರುವ ಕ್ಯಾಡ್ಮಿಯಂ ಅದನ್ನು ತಡೆಹಿಡಿಯುತ್ತಿತ್ತು. ನನ್ನ ತೆರಪುಗಳದ್ದೂ ಅದೇ ಕೆಲಸ.

ಕವಲಿಲ್ಲದೆಯೂ ಓಟವನ್ನು ಬೆಳೆಸಬಹುದು. ಒಂದು ಬಿಲ್ಲೆ ತನಗಿಂತ ಎಲ್ಲ ಅಳತೆಯಲ್ಲೂ ಒಂದೂವರೆ ಪಟ್ಟು ದೊಡ್ಡದನ್ನು ಬೀಳಿಸಬಲ್ಲದು ಎಂದು 1983ರಲ್ಲಿ ಭೌತವಿಜ್ಞಾನಿ ಲಾರ್ನ್ ವೈಟ್‌ಹೆಡ್ ತೋರಿಸಿದರು. ಒಂದೂವರೆಗಿಂತ ತುಸು ಕಡಿಮೆ ಪಟ್ಟಿನಲ್ಲಿ ಏರುವ ಅವರ 13 ಬಿಲ್ಲೆಗಳ ಸಾಲಿನಲ್ಲಿ ಮೊದಲಿನದರ ಎತ್ತರ ಒಂದು ಸೆಂಟಿಮೀಟರ್‌ಗಿಂತ ಕಡಿಮೆ, ಕೊನೆಯದರದು 61 ಸೆಂಟಿಮೀಟರ್. ಪೂರ್ತಿ ಒಂದೂವರೆ ಪಟ್ಟಿನ ಸಾಲಿನಲ್ಲಿ ತೂಕ ಸುಮಾರು 3.4 ಪಟ್ಟು, ಎತ್ತರ ಒಂದೂವರೆ ಪಟ್ಟು ಏರುವುದರಿಂದ ಪ್ರತಿ ಹೆಜ್ಜೆಗೂ ಶಕ್ತಿ ಐದು ಪಟ್ಟಾಗುತ್ತದೆ. ನಾನು ಮರದ ತುಂಡುಗಳಲ್ಲಿ ಇದನ್ನು ಮಾಡುವಾಗ ಕೊನೆಯ ತುಂಡಿನ ಎದುರು ಯಾರನ್ನೂ ಕೂರಿಸುವುದಿಲ್ಲ.

ಬಿಲ್ಲೆಗಳನ್ನು ಆಡಲು ತೆಗೆದಾಗಲೂ ತೆರಪಿನ ಒಂದು ಚಂದದ ಲೆಕ್ಕವಿದೆ. ಪ್ರತಿ ಬಿಲ್ಲೆಯ ಎರಡು ಅರ್ಧಗಳಲ್ಲಿ ಚುಕ್ಕಿಗಳಿಂದ ಒಂದೊಂದು ಸಂಖ್ಯೆ ಗುರುತಿಸಿರುತ್ತದೆ. ಸೊನ್ನೆಯಿಂದ ಆರರವರೆಗಿನ 28 ಬಿಲ್ಲೆಗಳ ಸೆಟ್ಟಿನಲ್ಲಿ, ಎರಡೂ ಅರ್ಧಗಳಲ್ಲಿ ಒಂದೇ ಸಂಖ್ಯೆ ಇರುವ ಜೋಡಿ ಬಿಲ್ಲೆ ಬಿಟ್ಟರೆ, ಪ್ರತಿ ಸಂಖ್ಯೆ ಆರು ಬಿಲ್ಲೆಗಳಲ್ಲಿ ಬರುತ್ತದೆ. ಆರು ಸಮಸಂಖ್ಯೆಯಾದ್ದರಿಂದ ಚುಕ್ಕಿಗೆ ಚುಕ್ಕಿ ಕೂಡಿಸುತ್ತಾ 28ನ್ನೂ ಒಂದೇ ಉಂಗುರವಾಗಿ ಮುಚ್ಚಬಹುದು. ಅದರಲ್ಲಿ 3–5ರ ಬಿಲ್ಲೆಯನ್ನು ಬಚ್ಚಿಟ್ಟು, ಉಳಿದ 27ನ್ನೂ ಒಂದೇ ಸಾಲಿನಲ್ಲಿ ಜೋಡಿಸಲು ಯಾರಿಗಾದರೂ ಕೊಡಿ. ಅವರು ಹೇಗೆ ಜೋಡಿಸಿದರೂ ಸಾಲಿನ ಒಂದು ತುದಿಯಲ್ಲಿ 3, ಇನ್ನೊಂದರಲ್ಲಿ 5 ಇರುತ್ತದೆ. ಆರರ ಬಿಲ್ಲೆಗಳನ್ನೆಲ್ಲ ತೆಗೆದು 21ಕ್ಕೆ ಇಳಿಸಿದರೆ ಪ್ರತಿ ಸಂಖ್ಯೆಗೆ ಐದೇ ಬಿಲ್ಲೆ ಉಳಿಯುತ್ತವೆ, ಆಗ ಉಂಗುರ ಕೂಡುವುದಿಲ್ಲ.