ಪುಣೆಯ ಥಂಡಿಗೆ ಎಸಿ ತಂದ ಕಥೆ

ಡಿಸೆಂಬರ್‌ನಲ್ಲಿ ಎಸಿ ಕೊಳ್ಳಲು ಹೋದರೆ ಅಂಗಡಿಯವರು ಒಂದು ಥರಾ ನೋಡುತ್ತಾರೆ. "ತಂಪಿಗಲ್ಲ, ಬಿಸಿಗೆ ಬೇಕು" ಅಂದರಂತೂ ಮುಗೀತು. ತಾಪ್ಕೀರ್ ಗಲ್ಲಿಯಲ್ಲಿ ಒಬ್ಬರು ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, ಒಳಗೆ ಹೋಗಿ, 2000 ವಾಟ್‌ನ ರೂಮ್ ಹೀಟರ್ ತಂದು ಮುಂದಿಟ್ಟರು. ಅಂಥದ್ದು ಮನೆಯಲ್ಲಿ ಆಗಲೇ ಇತ್ತು. ಅದರ ಕಾಟಕ್ಕೇ ಅಲ್ವಾ ನಾನು ಅಲ್ಲಿಗೆ ಹೋಗಿದ್ದು!

ನಮ್ಮದು ಕೋಥರೂಡ್‌ನಲ್ಲಿ ಏಳನೇ ಮಹಡಿ, ಮೇಲೆ ನೇರ ಟೆರೇಸ್. ಅಪ್ಪ-ಅವ್ವ ಧಾರವಾಡ ಬಿಟ್ಟು ನನ್ನ ಹತ್ತಿರ ಬಂದ ಮೇಲೆ ಪಶ್ಚಿಮದ ಕೋಣೆ ಅವರದಾಯಿತು. ಏಪ್ರಿಲ್‌ನಲ್ಲಿ ಹೊರಗೆ 38-40 ಡಿಗ್ರಿ. ಸ್ಲ್ಯಾಬ್ ಎಷ್ಟು ಕಾದಿರುತ್ತದೆ ಅಂದರೆ ರಾತ್ರಿ ಹನ್ನೊಂದಕ್ಕೂ ಫ್ಯಾನಿನಿಂದ ಬಿಸಿ ಗಾಳಿಯೇ ಇಳಿಯುತ್ತದೆ. ಅದೇ ಕೋಣೆ ಜನವರಿಯಲ್ಲಿ, ಹೊರಗೆ 10 ಡಿಗ್ರಿಗೆ ಇಳಿದ ದಿನ, ಬೆಳಗಿನ ಜಾವ ಕೊರೆಯುತ್ತದೆ. ಅವ್ವನಿಗೆ ಮೊಣಕಾಲು ನೋವು, ಅಪ್ಪನಿಗೆ ಕೆಮ್ಮು. ಊರಲ್ಲಿ ಇಡುತ್ತಿದ್ದ ಹಾಗೆ ಶೇಗಡಿಯಲ್ಲಿ ಕೆಂಡ ಇಡೋಣ ಅಂದರು ಅಪ್ಪ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಕೆಂಡ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಎಚ್ಚರವೇ ಆಗದೆ ಹೋಗಬಹುದು, ಅದು ಬೇಡವೇ ಬೇಡ ಅಂದೆ. ಹಾಗಾಗಿ ಹೀಟರ್ ಬಂತು, ಹಿಂದೆಯೇ ಬಿಲ್ಲೂ ಬಂತು. ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ 300 ಯುನಿಟ್ ಗೆರೆ ದಾಟಿದರೆ ದರ ಸಟ್ಟನೆ ಏರುತ್ತದೆ. ನಾವು ಆ ಗೆರೆ ದಾಟಿ ಬಹಳ ದೂರ ಹೋಗಿದ್ದೆವು.

ನಮ್ಮ ಆಫೀಸಿನ ಜರ್ಮನಿ ಕಡೆಯವರೊಬ್ಬರು ಮನೆಗೆ ಹೀಟ್ ಪಂಪ್ ಹಾಕಿಸಿದ್ದನ್ನು ಮಾತಿಗೆ ಹೇಳಿದ್ದರು. ಅದೆಲ್ಲ ಹಿಮ ಬೀಳುವ ಊರಿನವರ ಬಾಬತ್ತು ಅಂದುಕೊಂಡಿದ್ದೆ. ಹುಡುಕಿದಾಗ ಗೊತ್ತಾಯಿತು, ನಮ್ಮಲ್ಲಿ "ಹಾಟ್ ಅಂಡ್ ಕೋಲ್ಡ್" ಅಂತ ಮಾರುವ ಎಸಿಯೂ ಅದೇ ಜಾತಿ. ಒಳಗೆ ಒಂದು ವಾಲ್ವ್ ಜಾಸ್ತಿ, ಅಷ್ಟೇ. ಅದು ಗ್ಯಾಸ್ ಹರಿಯುವ ದಿಕ್ಕನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ಕೋಣೆಯ ಬಿಸಿ ಹೊರಗೆ, ಚಳಿಗಾಲದಲ್ಲಿ ಹೊರಗಿನ ಬಿಸಿ ಒಳಗೆ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಸುಮ್ನೆ ಒಪ್ಪುವವರಲ್ಲ. "ಹತ್ತು ಡಿಗ್ರಿ ಗಾಳಿಯಾಗ ಬಿಸಿ ಎಲ್ಲಿಂದ ಬರ್ತದವಾ?" ಅಂದರು. ಫ್ರಿಜ್‌ನ ಪಕ್ಕದ ತಗಡಿನ ಮೇಲೆ ಅವರ ಕೈ ಇಡಿಸಿದೆ. ಮೈನಸ್ 18 ಇರುವ ಫ್ರೀಜರ್‌ನಿಂದ ಎತ್ತಿದ ಬಿಸಿಯೇ ಅದು. ಆಮೇಲೆ ಅವರೇ ಮೊಬೈಲ್‌ನಲ್ಲಿ ಓದಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1938ರಲ್ಲೇ ಪಕ್ಕದ ಲಿಮ್ಮಾಟ್ ನದಿಯ ತಣ್ಣೀರಿನಿಂದ ಬಿಸಿ ಎತ್ತಿ ಟೌನ್ ಹಾಲ್ ಕಾಯಿಸಿದ್ದರಂತೆ ಅಂತ ನನಗೇ ಪಾಠ ಮಾಡಿದರು.

ಸರಿ, ಯಾವುದು ಕೊಳ್ಳೋದು? ಅಂಗಡಿಯವರ ಬಾಯಲ್ಲಿ ಬರೋದು ಎರಡೇ ಮಾತು: ಎಷ್ಟು ಟನ್ (ಅಂದರೆ ತಂಪು ಮಾಡುವ ಶಕ್ತಿ), ಎಷ್ಟು ಸ್ಟಾರ್. ಬಿಸಿಗೆ ಕೊಳ್ಳುವವರಿಗೆ ಸ್ಟಾರ್ ಅರ್ಧ ಕಥೆ ಮಾತ್ರ ಹೇಳುತ್ತದೆ. ಸ್ಟಾರ್ ನಿಂತಿರೋದು ಐಸೀರ್ ಅನ್ನುವ ಅಂಕೆಯ ಮೇಲೆ. ಹೊರಗೆ 24ರಿಂದ 43 ಡಿಗ್ರಿ ಇರುವಾಗ ವರ್ಷಕ್ಕೆ 1600 ಗಂಟೆ ಓಡಿಸಿದರೆ ಎಷ್ಟು ತಂಪು ಕೊಡುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಅನ್ನುವ ಲೆಕ್ಕ ಅದು. ಅದರಲ್ಲಿ ಬಿಸಿಯ ಸುದ್ದಿಯೇ ಇಲ್ಲ. ಹಾಗಾಗಿ ನಾನು ಸ್ಪೆಸಿಫಿಕೇಶನ್ ಹಾಳೆ ತರಿಸಿ, ಹೀಟಿಂಗ್ ಕೆಪಾಸಿಟಿ ಮತ್ತು ಹೀಟಿಂಗ್‌ಗೆ ಹೋಗುವ ವಾಟ್ ಎರಡನ್ನೂ ನೋಡಿದೆ. ನಾನು ತಂದದ್ದರಲ್ಲಿ 3600 ವಾಟ್ ಮತ್ತು 950 ವಾಟ್. ಅಂದರೆ ಒಂದು ಯುನಿಟ್ ಕರೆಂಟಿಗೆ ಹತ್ತಿರ ಹತ್ತಿರ 3.8 ಯುನಿಟ್ ಬಿಸಿ. ಹೀಟರ್ ಆದರೆ ಒಂದಕ್ಕೆ ಒಂದು. ಎರಡೂ ಅಂಕೆ ಸರಿಸಮ ಇದ್ದರೆ ಒಳಗೆ ಬರೀ ಹೀಟರ್ ಕಾಯಿಲ್ ಕೂಡಿಸಿದ್ದಾರೆ ಅಂತ ತಿಳಿಯಿರಿ, ಹಳೇ ವಿಂಡೋ ಎಸಿಗಳಲ್ಲಿ ಹಾಗೆ ಬರುತ್ತಿತ್ತು. ಈ ಅಂಕೆಗಳನ್ನು ಅಳೆಯೋದು ಹೊರಗೆ 7 ಡಿಗ್ರಿ, ಒಳಗೆ 20 ಇಟ್ಟುಕೊಂಡು. ಜರ್ಮನಿಯವರಿಗೆ 7 ಅಂದರೆ ಹಿತವಾದ ದಿನ. ನಮಗೆ ಅದು ಪುಣೆಯ ತೀರಾ ಥಂಡಿ ರಾತ್ರಿ. ಹಾಗಾಗಿ ಹಾಳೆಯಲ್ಲಿ ಬರೆದದ್ದು ಇಲ್ಲಿ ನಿಜಕ್ಕೂ ಸಿಗುತ್ತದೆ.

ಟನ್ ವಿಷಯಕ್ಕೆ ಒಬ್ಬರು ಟಾಪ್ ಫ್ಲೋರ್ ಅಂದ ತಕ್ಷಣ ಎರಡು ಟನ್ ಅಂದರು. ಕೋಣೆ 10 ಅಡಿಗೆ 12 ಅಡಿ! ನಾನು ಹೀಟರನ್ನೇ ತಕ್ಕಡಿ ಮಾಡಿಕೊಂಡೆ. ಪ್ಲಗ್ಗಿಗೆ ಸಿಕ್ಕಿಸುವ 16 ಆಂಪಿಯರ್‌ನ ಮೀಟರ್ ತಂದು, ಹೀಟರಿನ ಥರ್ಮೋಸ್ಟ್ಯಾಟ್ ತಿರುವಿ ಕೋಣೆ 22 ಡಿಗ್ರಿ ಆಸುಪಾಸು ನಿಲ್ಲುವ ಹಾಗೆ ಮಾಡಿ, ಹೊರಗೆ 11 ಡಿಗ್ರಿ ಇದ್ದ ಒಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಬಿಟ್ಟೆ. 8.1 ಯುನಿಟ್ ಓಡಿತ್ತು. ಏಳು ಗಂಟೆಗೆ ಭಾಗಿಸಿದರೆ ಈ ಕೋಣೆ ಗಂಟೆಗೆ ಸೋರಿಸುವ ಬಿಸಿ ಒಂದು ಯುನಿಟ್ಟಿಗಿಂತ ತುಸು ಜಾಸ್ತಿ. ಒಂದು ಟನ್ ಅಂದರೆ 3.5 ಕಿಲೋವಾಟ್, ಗಂಟೆಗೆ ಮೂರೂವರೆ ಯುನಿಟ್. ಥಂಡಿಗೆ ಒಂದು ಟನ್ ಧಾರಾಳ ಸಾಕು, ಇನ್ವರ್ಟರ್ ಎಸಿ ಆದ್ದರಿಂದ ತಾನೇ ನಿಧಾನ ಮಾಡಿಕೊಂಡು ಓಡುತ್ತದೆ. ಪರೀಕ್ಷೆ ಇರೋದು ಬೇಸಿಗೆಯಲ್ಲಿ. ಅದಕ್ಕೆ ಸೊಸೈಟಿಯ ಚೇರ್‌ಮನ್ ಹತ್ತಿರ ಅನುಮತಿ ತೆಗೆದುಕೊಂಡು ಟೆರೇಸಿನ ನಮ್ಮ ಪಾಲಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹೊಡೆಸಿದೆ, ಒಂದೇ ಟನ್ ತಂದೆ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಅದು 26ಕ್ಕಿಂತ ಕೆಳಗೆ ಇಳಿಯೋದಿಲ್ಲ. ಅಪ್ಪ-ಅವ್ವನಿಗೆ 27 ಮತ್ತು ಫ್ಯಾನ್ ಸಾಕು, ಹಾಗಾಗಿ ತಕರಾರಿಲ್ಲ. 22ರಲ್ಲಿ ರಜಾಯಿ ಹೊದ್ದು ಮಲಗುವವರು ನನ್ನ ಲೆಕ್ಕ ಹಿಡಿಯಬೇಡಿ.

ಹೊರಗಿನ ಯುನಿಟ್ ಎಲ್ಲಿಡೋದು? ಡ್ರೈ ಬಾಲ್ಕನಿಯಲ್ಲಿ, ಅಂದರೆ ಬಟ್ಟೆ-ಪಾತ್ರೆ ತೊಳೆಯುವ ಪುಟ್ಟ ಬಾಲ್ಕನಿಯಲ್ಲಿ, ಇಟ್ಟರೆ ಸೇಫ್ ಅಂದರು. ನಮ್ಮ ಡ್ರೈ ಬಾಲ್ಕನಿಗೆ ಗ್ರಿಲ್ ಜೊತೆ ಸ್ಲೈಡಿಂಗ್ ಗಾಜೂ ಇದೆ. ಅಲ್ಲಿಟ್ಟರೆ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಚಳಿಗಾಲದಲ್ಲಿ ಇನ್ನೂ ತಣ್ಣಗಾದ ಗಾಳಿ, ಬೇಸಿಗೆಯಲ್ಲಿ ಇನ್ನೂ ಕಾದದ್ದು. ಹೊರ ಗೋಡೆಗೇ ಸ್ಟ್ಯಾಂಡ್ ಹಾಕಿಸಿದೆ.

ಫಿಟ್ಟಿಂಗ್ ದಿನ ಮಾತ್ರ ಜಗಳವೇ ಆಯಿತು. ಪೈಪ್ ಜೋಡಿಸಿದ ಹುಡುಗ, ಪೈಪಿನೊಳಗಿನ ಗಾಳಿ-ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ತಂದಿರಲೇ ಇಲ್ಲ. "ಸ್ವಲ್ಪ ಗ್ಯಾಸ್ ಬಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತೆ ತಾಯಿ, ಹತ್ತು ವರ್ಷದಿಂದ ಹೀಗೇ ಮಾಡ್ತಿದ್ದೀನಿ" ಅಂದ. ಗಾಳಿ ಹೋಗಬಹುದು, ಪೈಪಿನೊಳಗಿನ ತೇವ ಹೋಗೋದಿಲ್ಲ. ಅದು ಎಣ್ಣೆಯ ಜೊತೆ ಸೇರಿ ಕಂಪ್ರೆಸರ್‌ಗೆ ಕುತ್ತು ತರುತ್ತದೆ. ಮೇಲಾಗಿ ಇದು ಆರ್32 ಗ್ಯಾಸ್, ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು. ಪಂಪ್ ಬಂದ ಮೇಲೇ ಮುಂದಿನ ಮಾತು ಅಂತ ಚಹಾ ಕೊಟ್ಟು ಕೂಡಿಸಿದೆ. ಸಂಜೆ ಐದಕ್ಕೆ ಪಂಪ್ ಬಂತು, ಅರ್ಧ ಗಂಟೆ ಓಡಿಸಿದರು. ಆಮೇಲೆ ನಟ್‌ಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ಅಂತ ನಾನೇ ಟಾರ್ಚ್ ಹಿಡಿದು ನೋಡಿದೆ.

ಇಷ್ಟೆಲ್ಲ ಹುಷಾರಿದ್ದವಳು ಒಂದು ಕಡೆ ಬೇಸ್ತು ಬಿದ್ದೆ. ಬಿಸಿ ಮಾಡುವಾಗ ತಣ್ಣಗಾಗೋದು ಹೊರಗಿನ ಕಾಯಿಲ್, ಹಾಗಾಗಿ ನೀರು ಹನಿಯೋದೂ ಹೊರಗಿನ ಯುನಿಟ್ಟಿನ ಅಡಿಯಿಂದ. ಮೂರನೇ ದಿನ ಬೆಳಿಗ್ಗೆ ಕೆಳಗಿನ ಮನೆಯ ಕಾಕೂ ಒಣಗಿದ್ದ ಸೀರೆ ಮತ್ತೆ ಒದ್ದೆಯಾದದ್ದನ್ನು ಹಿಡಿದುಕೊಂಡೇ ಮೇಲೆ ಬಂದರು. ನೀರು ಹನಿಯುವ ಅಡಿಯ ತೂತಿಗೆ ಹಾಕುವ ಪ್ಲಾಸ್ಟಿಕ್ ಮೊಣಕೈ ಡಬ್ಬಿಯಲ್ಲೇ ಬಂದಿತ್ತು, ಫಿಟ್ಟಿಂಗ್‌ನವರು ಬೇಡದ ಸಾಮಾನು ಅಂತ ಕವರಿನಲ್ಲೇ ಬಿಟ್ಟು ಹೋಗಿದ್ದರು. ಅದನ್ನು ಹಾಕಿಸಿ ಪೈಪನ್ನು ಡ್ರೈ ಬಾಲ್ಕನಿಯ ಮೋರಿಗೆ ಬಿಟ್ಟೆ. ಕಾಕೂಗೆ ಹೋಳಿಗೆ ಹೋಯಿತು.

ಇನ್ನೊಂದು ರಗಳೆ ಅವ್ವನದು. "ತಲಿ ಬೆಚ್ಚಗದ, ಕಾಲು ಥಂಡಿ ಹಿಡದಾವ." ಬಿಸಿ ಗಾಳಿ ಮೇಲೇ ನಿಲ್ಲುತ್ತದೆ, ಎಸಿ ಇರೋದೂ ಎಂಟು ಅಡಿ ಎತ್ತರದಲ್ಲಿ. ಎಸಿಯ ಗಾಳಿ ತಿರುಗಿಸುವ ರೆಕ್ಕೆಯನ್ನು ಪೂರ್ತಿ ಕೆಳಗೆ ಮಾಡಿ, ಸೀಲಿಂಗ್ ಫ್ಯಾನನ್ನು ಒಂದನೇ ನಂಬರಿಗೆ ಇಟ್ಟೆ. "ಥಂಡಿಯಾಗ ಫ್ಯಾನ್ ಹಚ್ಚತೀಯೇನವಾ, ನಿನಗೇನರ ಹುಚ್ಚು ಹಿಡದದೇನು" ಅಂತ ಬೈದುಕೊಂಡೇ ಮಲಗಿದವರು ಬೆಳಿಗ್ಗೆ ಕಾಲುಚೀಲ ತೆಗೆದಿಟ್ಟಿದ್ದರು.

ಅದೇ ಮೀಟರ್, ಹೊರಗೆ ಅಷ್ಟೇ ಥಂಡಿ, ಅದೇ ಏಳು ಗಂಟೆ: 2.3 ಯುನಿಟ್. ರಾತ್ರಿಗೆ ಐದೂವರೆ ಯುನಿಟ್ಟಿಗಿಂತ ಜಾಸ್ತಿ ಉಳಿತಾಯ, 60 ರಾತ್ರಿಗೆ ಸುಮಾರು 350 ಯುನಿಟ್. ಬರೀ ತಂಪಿನ ಮಾಡೆಲ್‌ಗಿಂತ ಆರು ಸಾವಿರ ಜಾಸ್ತಿ ಕೊಟ್ಟಿದ್ದೆ, ಎರಡನೇ ಚಳಿಗಾಲಕ್ಕೆ ವಸೂಲಾಯಿತು. ಇದನ್ನು ಕೇಳಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನನ್ನ ತಮ್ಮ ತಾನೂ ತರ್ತೀನಿ ಅಂದ. ಅಲ್ಲಿನ ಥಂಡಿಗೆ ಒಂದು ಚಾದರ ಸಾಕು, ಆ ದುಡ್ಡಿನಲ್ಲಿ ಒಳ್ಳೇ ತಾಮ್ರದ ಕಾಯಿಲ್ ಇರೋದು ತಗೋ ಅಂದೆ.

ಈಗಿನ ತಲೆನೋವು ಪಾರಿವಾಳ. ಹೊರಗಿನ ಯುನಿಟ್ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಕಡ್ಡಿ ತಂದು ಜೋಡಿಸುತ್ತಿದೆ, ಗಾಳಿ ಎಳೆಯುವ ಬದಿಯೇ ಅದು. ಮೊಟ್ಟೆ ಇಡುವ ಮುಂಚೆ ಜಾಳಿಗೆ ಕಟ್ಟಬೇಕು. ಅವ್ವ ಮಾತ್ರ ಕಿಟಕಿಯಿಂದ ಅದಕ್ಕೆ ಜೋಳದ ಕಾಳು ಹಾಕುತ್ತಿದ್ದಾಳೆ.