ಬೇಗ ಮುಗಿಸಿದವರಿಗೇ ಇನ್ನೊಂದು ಫೈಲ್

ಮಧ್ಯಾಹ್ನ 12:40ಕ್ಕೆ ಸೇವ್ ಆಗಿದ್ದ ಎಕ್ಸೆಲ್ ಫೈಲ್ ನನಗೆ ಮೇಲ್‌ನಲ್ಲಿ ಬಂದದ್ದು ಸಂಜೆ 6:10ಕ್ಕೆ. ಮೊದಲ ದಿನ ಏನೂ ಅನ್ನಿಸಲಿಲ್ಲ. ಮಾರನೇ ದಿನವೂ ಹಾಗೇ ಆಯಿತು. ಮೂರನೇ ದಿನ ಹೊಟ್ಟೆಯೊಳಗೆ ಒಂಥರಾ ಆಯಿತು. ನಮ್ಮ ಆಫೀಸಿನಲ್ಲೇ ಚುರುಕಾದ ಹುಡುಗಿ, ಮುಗಿದ ಕೆಲಸವನ್ನು ಮುಚ್ಚಿಟ್ಟುಕೊಂಡು ಕೂತಿದ್ದಳು.

ಮುಂಬೈಯ ಅಂಧೇರಿ ಪೂರ್ವದ ಚಕಾಲಾದಲ್ಲಿ ನಮ್ಮದು ಟ್ಯಾಕ್ಸ್ ಕೆಲಸದ ಸಣ್ಣ ಆಫೀಸು. ಏಳು ಜನ, ಅದರಲ್ಲಿ ಮೂವರು ಕನ್ನಡದವರು. ನಾನು ಹೊನ್ನಾವರದ ಕಡೆಯವಳು, ಕೆಲಸ ಹಂಚುವುದು ನನ್ನ ಜವಾಬ್ದಾರಿ. ಆ ಹುಡುಗಿ ಕುಂದಾಪುರದವಳು, ದಿನಾ ಡೊಂಬಿವಲಿಯಿಂದ ಬರುತ್ತಾಳೆ. ಇನ್ನೊಬ್ಬರು ಅಕ್ಕಲಕೋಟೆ ಕಡೆಯ ಹಿರಿಯರು. ಅವರನ್ನು ಎಲ್ಲರೂ ಕಾಕಾ ಅಂತಲೇ ಕರೆಯುವುದು.

ಜಿಎಸ್‌ಟಿ ಕೆಲಸ ಮಾಡುವವರಿಗೆ ತಿಂಗಳ ಓಟ ಗೊತ್ತು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 14ಕ್ಕೆ ಪೋರ್ಟಲ್‌ನಲ್ಲಿ 2ಬಿ, ಅಂದರೆ ಕ್ಲೈಂಟಿಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. 20ರೊಳಗೆ 3ಬಿ, ಅಂದರೆ ತೆರಿಗೆ ಕಟ್ಟುವ ರಿಟರ್ನ್, ಹಾಕಬೇಕು. ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡುವ ಕೆಲಸವೆಲ್ಲ ಆ ಆರು ದಿನದ ಮೇಲೆ ಬೀಳುತ್ತದೆ. 2022ರ ಜನವರಿಯಿಂದ 2ಬಿಯಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ. ಹಾಗಾಗಿ ಒಂದೊಂದು ಬಿಲ್ಲನ್ನೂ ನೋಡಲೇಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಾಕಿ ತೆರಿಗೆಗೆ ವರ್ಷಕ್ಕೆ 18% ಬಡ್ಡಿ. ಆ ಭಯದಲ್ಲಿ ನಾನು ಮಾಡುತ್ತಿದ್ದದ್ದು ಒಂದೇ. ಯಾರ ಕೈ ಖಾಲಿಯಾಯಿತೋ ಅವರಿಗೆ ಮುಂದಿನ ಫೈಲ್. ಖಾಲಿಯಾಗುತ್ತಿದ್ದದ್ದು ಯಾವಾಗಲೂ ಅವಳ ಕೈ.

ಕೆಳಗೆ ಟಪರಿಯಲ್ಲಿ ಚಹಾ ಕುಡಿಯುವಾಗ ಮೆತ್ತಗೆ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ‘ಅಕ್ಕಾ, ಬೇಗ ಮುಗಿಸಿದ್ರೆ ನಂಗೆ ಸಿಕ್ಕುದೆಂತ? ಇನ್ನೊಂದ್ ಫೈಲ್ ಅಲ್ದಾ?’ ಅಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ಸುಸ್ತಿತ್ತು. ಆರೂವರೆಗೆ ಹೊರಟರೆ ಘಾಟ್ಕೋಪರ್‌ನಲ್ಲಿ ಮೆಟ್ರೋ ಇಳಿದು ಎರಡು ಮೂರು ಲೋಕಲ್ ಬಿಡಬೇಕಾಗುತ್ತದೆ. ಲೇಡೀಸ್ ಡಬ್ಬಕ್ಕೂ ಕಾಲಿಡಲು ಆಗುವುದಿಲ್ಲ. ಬೇಗ ಕೆಲಸ ಮುಗಿಸಿಯೂ ಅವಳು ದಿನಾ ಆ ನೂಕುನುಗ್ಗಲಿಗೇ ಸಿಕ್ಕುತ್ತಿದ್ದಳು.

ಅವತ್ತೇ ಒಂದು ಉದ್ದ ರಿಜಿಸ್ಟರ್ ತಂದೆ. ಒಂದು ತಿಂಗಳು ಯಾರ ಕೆಲಸವನ್ನೂ ಬದಲಾಯಿಸಲಿಲ್ಲ, ಬರೆದಿಟ್ಟೆ ಅಷ್ಟೇ. ಯಾವ ಕ್ಲೈಂಟ್, ಎಷ್ಟು ಬಿಲ್ಲು, ಎಷ್ಟು ಹೊತ್ತು. ತಿಂಗಳ ಕೊನೆಗೆ ಅವಳ ಹೆಸರಲ್ಲಿ 23 ಫೈಲ್, ಕಾಕಾ ಹೆಸರಲ್ಲಿ 9. ಇಷ್ಟನ್ನೇ ನೋಡಿದ್ದರೆ ಕಾಕಾರ ಮೇಲೆ ಹರಿಹಾಯುತ್ತಿದ್ದೆ. ಆದರೆ ಅವರ ಒಂಬತ್ತರಲ್ಲಿ ನಾಲ್ಕು ಸಿಮೆಂಟು, ಕಬ್ಬಿಣದ ಅಂಗಡಿಯವರದು, ಒಂದೊಂದರಲ್ಲೂ ನೂರಾರು ಬಿಲ್ಲು. ಅವಳ 23ರಲ್ಲಿ ಆರು ನಿಲ್ ರಿಟರ್ನ್, ಅಂದರೆ ಒಂದೂ ಬಿಲ್ಲಿಲ್ಲದವು. ಬಿಲ್ಲಿನ ಲೆಕ್ಕ ಹಾಕಿದರೂ ಅವಳದ್ದು ಜಾಸ್ತಿಯೇ ಇತ್ತು. ಆದರೆ ಫೈಲಿನ ಲೆಕ್ಕದಲ್ಲಿ ಕಂಡಷ್ಟು ಅಲ್ಲ.

ಒಂದು ಮಧ್ಯಾಹ್ನ ಕಾಕಾರ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವರು 2ಬಿಯನ್ನು ಪ್ರಿಂಟ್ ತೆಗೆದಿದ್ದರು. ಸ್ಟೀಲ್ ಪಟ್ಟಿ ಇಟ್ಟು, ಸಾಲು ಸಾಲಾಗಿ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಿದ್ದರು. ಬಿಲ್ಲಿನ ಮೇಲೆ 0017 ಅಂತಿದೆ, ಪೋರ್ಟಲ್‌ನಲ್ಲಿ ಬರೀ 17. ಎಕ್ಸೆಲ್‌ನಲ್ಲಿ ಎರಡು ಪಟ್ಟಿ ತಾಳೆ ನೋಡುವ ವಿಲುಕಪ್ ಸೂತ್ರ ಹಾಕಿದರೆ ಇವೆರಡೂ ಸೇರುವುದಿಲ್ಲ. ಒಮ್ಮೆ ಹೀಗೆ ಕೈಕೊಟ್ಟ ಮೇಲೆ ಅವರು ಕಂಪ್ಯೂಟರನ್ನು ನಂಬುವುದನ್ನೇ ಬಿಟ್ಟಿದ್ದರು. ‘ಕಣ್ಣಿಲೆ ನೋಡಿದ್ರ ಸಮಾಧಾನ ಆಗ್ತದ ನೋಡವಾ’ ಅಂದರು. ಮೈಗಳ್ಳತನ ಅಂದುಕೊಂಡಿದ್ದೆ. ಅಲ್ಲಿ ಕಂಡದ್ದು ಭಯ.

ಆಮೇಲೆ ಫೈಲ್ ಎಣಿಸುವುದನ್ನು ಬಿಟ್ಟು ತೂಕ ಇಟ್ಟೆವು. 50 ಬಿಲ್ಲಿನೊಳಗಿದ್ದರೆ ಒಂದು, 300ರವರೆಗೆ ಮೂರು, ಅದಕ್ಕೂ ಜಾಸ್ತಿ ಇದ್ದರೆ ಐದು. ಬಿಲ್ಲುಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ತೆಗೆದು ಕಳಿಸುವ ಕ್ಲೈಂಟ್ ಆದರೆ ಇನ್ನೊಂದು ಸೇರಿಸು. ಪ್ರತಿಯೊಬ್ಬರಿಗೂ ತಿಂಗಳಿಗೆ 30. ಆ ದಿನದ ಪಾಲು ಮುಗಿದರೆ ಮನೆಗೆ ಹೋಗಬಹುದು. ಮೇಲೆ ಮಾಡಿದರೆ ಒಂದು ತೂಕಕ್ಕೆ ಇಷ್ಟು ಅಂತ ದುಡ್ಡು. ಕಾಕಾರಿಗೆ ಎಕ್ಸೆಲ್ ಕಲಿಸಲು ಆ ಹುಡುಗಿಯನ್ನೇ ಕೇಳಿದೆ. ಆದರೆ ಅದಕ್ಕೂ ಅವಳ ಲೆಕ್ಕದಲ್ಲಿ ಮೂರು ತೂಕ ಬರೆದೆ. ಕಲಿಸುವುದೂ ಕೆಲಸವೇ. ಸುಮ್ನೆ ‘ಸ್ವಲ್ಪ ಹೇಳಿಕೊಡಮ್ಮಾ’ ಅಂದಿದ್ದರೆ ಮತ್ತೆ ಅದೇ ಅನ್ಯಾಯ ಆಗುತ್ತಿತ್ತು.

ನಮ್ಮ ಸರ್ ಸುಲಭಕ್ಕೆ ಒಪ್ಪಲಿಲ್ಲ. ಸಂಬಳ ಕೊಡುವುದು ಗಂಟೆಗೆ ಅಲ್ವಾ, ನಾಲ್ಕೂವರೆಗೆ ಹೇಗೆ ಬಿಡುವುದು ಅಂದರು. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ, ನಮಗಿಂತ ದೊಡ್ಡ ಆಫೀಸುಗಳಿಗೆ, ಹೆಚ್ಚು ಗಂಟೆ ದುಡಿದರೆ ದುಪ್ಪಟ್ಟು ಕೂಲಿ ಅಂತ ಇದೆ. ಆದರೆ ಅಷ್ಟೇ ಗಂಟೆಯಲ್ಲಿ ಒಂದೂವರೆ ಪಟ್ಟು ಕೆಲಸ ಮಾಡಿದವರು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಇದನ್ನು ಅವರ ಮುಂದೆ ರಿಜಿಸ್ಟರ್ ತೆರೆದಿಟ್ಟು ಹೇಳಿದೆ. ಎರಡು ತಿಂಗಳು ನೋಡೋಣ ಅಂದರು.

ಮೊದಲ ತಿಂಗಳು ಎಡವಟ್ಟಾಯಿತು. ಬೇಗ ಹೋಗುವ ಆಸೆಗೆ ಒಬ್ಬ ಹುಡುಗ ಒಂದೇ ಬಿಲ್ಲಿಗೆ ಎರಡು ಸಲ ಕ್ರೆಡಿಟ್ ತೆಗೆದ. 3ಬಿ ಒಮ್ಮೆ ಹಾಕಿದರೆ ತಿದ್ದಲು ಬರುವುದಿಲ್ಲ, ಮುಂದಿನ ತಿಂಗಳಲ್ಲೇ ಸರಿಮಾಡಬೇಕು. ಕ್ಲೈಂಟ್ ಫೋನ್ ಮಾಡಿ ಬೈದರು, ನಾನು ಕೇಳಿಸಿಕೊಂಡೆ. ಅಂದಿನಿಂದ ಹಾಕುವ ಮುಂಚೆ ಇನ್ನೊಬ್ಬರು ನೋಡಲೇಬೇಕು ಅಂತ ಮಾಡಿದೆವು. ಆ ಕೆಲಸ ಕಾಕಾರಿಗೆ ಕೊಟ್ಟೆ, ಅದಕ್ಕೂ ತೂಕ ಇಟ್ಟೆ. ತಪ್ಪು ಹಿಡಿಯುವುದರಲ್ಲಿ ಅವರ ಕಣ್ಣಿಗೆ ಸಮ ಯಾರೂ ಇಲ್ಲ. ಅವರು ಈಗಲೂ ಎಷ್ಟೋ ತಿಂಗಳು 26ಕ್ಕೇ ನಿಲ್ಲುತ್ತಾರೆ. ಅದನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತೇನೆ. ಉಳಿದ ನಾಲ್ಕನ್ನು ಯಾರು ಮಾಡಿದರೋ ಅವರಿಗೆ ದುಡ್ಡು ಹೋಗುತ್ತದೆ.

ಕುಂದಾಪುರದ ಹುಡುಗಿಯ ಫೈಲ್ ಈಗ ಸೇವ್ ಆದ ಹತ್ತೇ ನಿಮಿಷಕ್ಕೆ ನನ್ನ ಮೇಲ್‌ಗೆ ಬರುತ್ತದೆ. ನಾಲ್ಕೂವರೆಗೆ ಬ್ಯಾಗ್ ಏರಿಸಿಕೊಂಡು ‘ಹ್ವಾಯ್ತೆ ಅಕ್ಕಾ’ ಅನ್ನುತ್ತಾಳೆ.

ಸಂಬಳ ಮಾತ್ರ ಇನ್ನೂ ಸರಿಹೋಗಿಲ್ಲ. ಸರ್ವಿಸ್ ಜಾಸ್ತಿ ಅಂತ ಕಾಕಾರಿಗೆ ಅವಳಿಗಿಂತ ಎಷ್ಟೋ ಹೆಚ್ಚು ಸಿಗುತ್ತದೆ, ಅದು ಅವಳಿಗೂ ಗೊತ್ತು. ಕಾಕಾರದ್ದು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಅವಳದ್ದು ಏರಿಸಿ ಅಂತ ಕಳೆದ ಏಪ್ರಿಲ್‌ನಲ್ಲಿ ಕೇಳಿದೆ, ಅರ್ಧ ಸಿಕ್ಕಿತು. ಬರುವ ಏಪ್ರಿಲ್‌ಗೆ ಮತ್ತೆ ಅದೇ ರಿಜಿಸ್ಟರ್ ಹಿಡಿದುಕೊಂಡು ಹೋಗುತ್ತೇನೆ.